ಅತ್ತೆ ಹಿಡಿದ ಕೆಂಡದ ಕಡ್ಡಿ

ಸ್ಕೂಟರು ಓಡಿಸುವುದು ಬಿಡು ಎಂದು ನನಗೆ ಹೇಳದವರು ಆ ವರ್ಷ ಯಾರೂ ಉಳಿದಿರಲಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ನಾನು ಗಣಿತ ಕಲಿಸುವ ಹೈಸ್ಕೂಲು ಬಬಲೇಶ್ವರದಲ್ಲಿ. ಆ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮಾಡಿಟ್ಟ ಒಂದೊಂದು ತಗ್ಗೂ ನನ್ನ ಸೊಂಟಕ್ಕೆ ಗೊತ್ತಿತ್ತು. ಮೊದಮೊದಲು ಗಾಡಿ ಇಳಿಯುವಾಗ ಮಾತ್ರ ಹಿಡಿಯುತ್ತಿದ್ದ ನೋವು ಬರಬರುತ್ತ ಹೆಚ್ಚಾಯಿತು. ಬೋರ್ಡಿನ ಕೆಳಗಡೆ ಬರೆಯಲು ಬಗ್ಗಿದರೆ ಮೇಲೇಳಲು ಆಗುತ್ತಿರಲಿಲ್ಲ. ಒಂದು ದಿನ ಲೆಕ್ಕ ಅರ್ಧಕ್ಕೇ ಬಿಟ್ಟು ಗೋಡೆ ಹಿಡಿದು ನಿಂತೆ. ಮಕ್ಕಳು ನಗಲಿಲ್ಲ. ಅವರು ನಗದೆ ಇದ್ದುದೇ ನನಗೆ ಸಿಟ್ಟು ತಂದಿತು.

ಡಾಕ್ಟರು ಎಕ್ಸ್‌ರೇ ನೋಡಿ, ಸ್ವಲ್ಪ ಸವೆದಿದೆ, ಗಾಬರಿಯಾಗುವಂಥದ್ದೇನಿಲ್ಲ ಎಂದರು. ವ್ಯಾಯಾಮ ತೋರಿಸಿದರು, ಗುಳಿಗೆ ಬರೆದರು, ಸಾಧ್ಯವಾದರೆ ಸ್ಕೂಟರು ಕಡಿಮೆ ಮಾಡಿ ಎಂದರು. ಮನೆಗೆ ಬರುವಷ್ಟರಲ್ಲಿ ಆ ಮಾತು ನನ್ನ ಗಂಡನ ಬಾಯಲ್ಲಿ ಬೇರೆಯೇ ಆಗಿತ್ತು.

"ಸಾಕ್ ಬಿಡು ಇನ್ನ. ನೌಕರಿ ಬಿಟ್ಟು ಆರಾಮ ಮನ್ಯಾಗಿರು."

"ಮನ್ಯಾಗಿದ್ರ ಟೊಂಕ ಬಗ್ಗಸೋದು ತಪ್ತೈತೇನ್ರಿ? ಕಸ ಯಾರ್ ಹೊಡೀತಾರ? ರೊಟ್ಟಿ ಯಾರ್ ಬಡೀತಾರ?" ಎಂದೆ. ಅವರು ಪೇಪರಿನ ಪುಟ ತಿರುವಿದರು.

ಅತ್ತೆಯದು ಇನ್ನೊಂದು ಮದ್ದು. "ಬರಿ ಎಳಿಸು. ಒಮ್ಮೆ ಸುಟ್ರ ಬ್ಯಾನಿ ಓಡಿಹೋಗ್ತೈತಿ. ನನಗ ಎಳದಿಲ್ಲೇನು?" ಎಂದರು. ಕಾಸಿದ ಕುಡುಗೋಲು ಅವರ ಸೊಂಟದ ಮೇಲೆ ಬಿಟ್ಟುಹೋದ ಗೆರೆಗಳನ್ನು ನಾನು ಕಂಡಿದ್ದೆ.

"ನಿಮ್ಮ ಬ್ಯಾನಿ ಹೋತೇನ್ರಿ ಅತ್ತಿ?" ಎಂದು ಕೇಳಿದೆ. ಅವರು ಕೊತ್ತಂಬರಿ ಸೋಸುವ ನೆಪದಲ್ಲಿ ಎದ್ದುಹೋದರು.

ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಲಿಲ್ಲ. ಉಳಿದವರ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಶಾಲೆಯ ಇನ್ನೊಬ್ಬ ಟೀಚರು ಹೇಳಿದ್ದು ಕೇಳಿ ಒಂದು ರವಿವಾರ ತಿಕೋಟಾಕ್ಕೆ ಹೋದೆ, ಅದೇ ಸ್ಕೂಟರಿನ ಮೇಲೆ. ಅಲ್ಲಿ ಅಕ್ಯುಪಂಕ್ಚರ್ ಕಲಿತ ಹೆಣ್ಣುಮಗಳೊಬ್ಬರು ಮನೆಯ ಪಡಸಾಲೆಯಲ್ಲೇ ಚಿಕಿತ್ಸೆ ಕೊಡುತ್ತಿದ್ದರು. ಓಣಿಯವರೆಲ್ಲ ಅವರನ್ನು ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಸೂಜಿ ಬೇಡ ಎಂದದ್ದಕ್ಕೆ ನಕ್ಕು, "ಹಂಗಾರ ಕಾವು ಕೊಡೋಣ್ರಿ ಟೀಚರ್" ಎಂದರು.

ಮಾಚಿಪತ್ರೆಯ ಜಾತಿಯ ಎಲೆಯನ್ನು ಒಣಗಿಸಿ, ಹತ್ತಿಯಂತೆ ಮೆತ್ತಗಾಗುವವರೆಗೆ ಕುಟ್ಟಿ, ಕಾಗದದಲ್ಲಿ ಬಿಗಿಯಾಗಿ ಸುತ್ತಿದ ಕಡ್ಡಿ ಅದು. ಮಾಕ್ಸಿಬಷನ್ ಎನ್ನುತ್ತಾರಂತೆ. ತುದಿಗೆ ಬೆಂಕಿ ಹೊತ್ತಿಸಿ, ಕೆಂಡವಾದ ಮೇಲೆ ನನ್ನ ಸೊಂಟದ ಹತ್ತಿರ ತಂದರು. ನಾನು ಹಲ್ಲು ಕಚ್ಚಿದೆ.

"ಮುಟ್ಸಂಗಿಲ್ರಿ," ಎಂದರು ಆಪಾ. "ಮುಟ್ಟಿದ್ರ ಅದು ಬರಿ ಆಕ್ಕೈತಿ. ಸವದ ಎಲುಬು ಇದರಿಂದ ಹೊಸಾದೂ ಆಗಂಗಿಲ್ಲ. ಹಿಡಕೊಂಡಿದ್ದು ಸಡ್ಲ ಆಕ್ಕೈತಿ, ಅಷ್ಟ."

ಕಾವು ಚರ್ಮದಿಂದ ಒಳಗೆ ಸಾವಕಾಶವಾಗಿ ಇಳಿಯಿತು. ಎಷ್ಟೋ ತಿಂಗಳಿಂದ ಮುಷ್ಟಿ ಬಿಗಿದಂತಿದ್ದ ಜಾಗ ಬೆರಳು ಬಿಡಿಸಿದ ಹಾಗಾಯಿತು. ಕೆಲವು ವಾರ ಹೋಗಿ ಬಂದ ಮೇಲೆ ಆಪಾ ಕಡ್ಡಿಗಳನ್ನು ಕೊಟ್ಟು, ಹಿಡಿಯುವ ರೀತಿ ಕಲಿಸಿ, ಮನೆಯಲ್ಲೇ ಮಾಡಿಕೊಳ್ಳಿ ಎಂದರು. ಆದರೆ ನನ್ನ ಬೆನ್ನ ಹಿಂದೆ ನನ್ನ ಕೈ ಎಟುಕುವುದಿಲ್ಲವಲ್ಲ! ಗಂಡನನ್ನು ಕರೆದೆ. "ಚೀನಾದವರ ಆಟ ನನಗ ಹಚ್ಚಬ್ಯಾಡ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕಡ್ಡಿ ಕೈಗೆ ತೆಗೆದುಕೊಂಡವರು ಅತ್ತೆ. ಅಪನಂಬಿಕೆಯಿಂದಲೇ ಅದನ್ನು ತಿರುಗಿಸಿ ನೋಡಿ, ಒಲೆಗೆ ಹಿಡಿದು ಹೊತ್ತಿಸಿದರು.

"ಬಿಸಿ ಹತ್ತಿದ್ರ ಹೇಳು" ಎಂದರು. ಸ್ವಲ್ಪ ಹೊತ್ತಿಗೆ, "ಈಗ?" ಮತ್ತೆ ಸ್ವಲ್ಪ ಹೊತ್ತಿಗೆ, "ಸುಡಾಕತ್ತಿಲ್ಲ ಹೌದಲ್ಲೋ?"

"ಇಲ್ರಿ ಅತ್ತಿ. ಹಿತ ಆಗಾಕತ್ತೈತಿ."

ಅವರು ಬೂದಿ ಕೊಡವಿ ಮತ್ತೆ ಕಡ್ಡಿ ಹಿಡಿದರು. ನಾನು ಬೋರಲಾಗಿ ಮಲಗಿದ್ದರಿಂದ ಅವರ ಮುಖ ಕಾಣುತ್ತಿರಲಿಲ್ಲ.

"ನನ್ನ ಯಾರೂ ಕೇಳ್ಲಿಲ್ಲ," ಎಂದರು ಅತ್ತೆ. "ಇಬ್ಬರು ಕಾಲ್ ಹಿಡದ್ರು. ಬಾಯಾಗ ಸೆರಗು ತುರುಕಿದ್ರು. ಮರದಿನಾ ಜೋಳದ ರಾಶಿಗೆ ಕಳಿಸಿದ್ರು. ಬ್ಯಾನಿ ಹೋಗಿದ್ದಿಲ್ಲವ್ವ. ಹೋತು ಅಂತ ಸುಳ್ಳ ಹೇಳಿದ್ನಿ. ಇಲ್ಲಂದ್ರ ಮತ್ತ ಎಳೀತಿದ್ರು."

ನಾನು ಕೈ ಹಿಂದೆ ಚಾಚಿ ಅವರ ಮೊಳಕಾಲು ಹಿಡಿದುಕೊಂಡೆ. "ಅಳ್ಳಾಡಬ್ಯಾಡ, ಬೂದಿ ಬೀಳ್ತೈತಿ" ಎಂದು ಗದರಿಸಿದರು.

ಆ ಹೊಗೆಗೆ ವಿಚಿತ್ರ ವಾಸನೆ. ಮೂರ್ನಾಲ್ಕು ಸಂಜೆ ಕಳೆಯುವುದರೊಳಗೆ ಕೆಳಗಿನ ಮನೆಯಲ್ಲಿರುವ ಮಾಲೀಕರು ಮೆಟ್ಟಿಲು ಹತ್ತಿ ಬಂದರು. ಅದೇ ಹೊತ್ತಿಗೆ ನನ್ನ ಗಂಡನೂ ಬಂದು ಅವರ ಹಿಂದೆ ನಿಂತಿದ್ದರು.

"ಏನ್ ನಡಿಸೀರಿ ಇಲ್ಲಿ? ಗಾಂಜಾ ವಾಸನಿ ಓಣಿ ತುಂಬೈತಿ. ಮರ್ಯಾದಿಲೆ ಇರೋರ ಮನಿ ಐತ್ರಿ ಇದು!" ಎಂದರು ಮಾಲೀಕರು.

ಅತ್ತೆ ಉರಿಯುವ ಕಡ್ಡಿ ಹಿಡಿದುಕೊಂಡೇ ಬಾಗಿಲಿಗೆ ಹೋದರು. "ಮೂಸಿ ನೋಡ್ರಿ. ಸೊಸಿ ಟೊಂಕಕ್ಕ ಕಾವು ಕೊಡಾಕತ್ತೇನಿ. ನಾ ಗಾಂಜಾ ಸೇದೋಹಂಗ ಕಾಣ್ತೀನೇನು?"

"ಇರ್ಲಿ ಬಿಡಬೇ, ಬಂದ್ ಮಾಡ್ರಿ ಇನ್ನ," ಎಂದರು ನನ್ನ ಗಂಡ.

"ನೀ ಸುಮ್ಮನಿರು. ಹಿಡೀ ಬಾ ಅಂದ್ರ ಓಡಿಹೋದಾಂವ, ಬಂದ್ ಮಾಡು ಅನ್ನಾಕ ಬಂದೀಯೇನು?"

ನಾನು ಸೀರೆ ಸರಿಮಾಡಿಕೊಂಡು ಎದ್ದು ಬಂದೆ. "ನಿಮಗ ಹೊಗಿ ತ್ರಾಸ ಆದ್ರ ಮಾಳಗಿ ಮ್ಯಾಲ ಮಾಡ್ಕೋತೀವ್ರಿ. ಆದ್ರ ಬಿಡಂಗಿಲ್ಲ. ಮನಿ ನಿಮ್ದು, ಟೊಂಕ ನಂದು," ಎಂದೆ. ಮಾಲೀಕರು ಅತ್ತೆ-ಸೊಸೆ ಇಬ್ಬರ ಮುಖವನ್ನೂ ನೋಡಿ, ಏನೋ ಗೊಣಗುತ್ತ ಇಳಿದುಹೋದರು.

ಮರುದಿನದಿಂದ ಮಾಳಿಗೆಯೇ ನಮ್ಮ ಆಸ್ಪತ್ರೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಅತ್ತೆಯ ಹಳೆ ಇಳಕಲ್ ಸೀರೆ ಮರೆಕಟ್ಟಿ ಚಾಪೆ ಹಾಸುತ್ತಿದ್ದೆವು. ಆಚೆ ಮಾಳಿಗೆಯ ಹೆಂಗಸರು ಇಣುಕುತ್ತಿದ್ದರು. "ನೋಡ್ರಿ, ನೋಡ್ರಿ, ಪುಕ್ಕಟ ಐತಿ" ಎಂದು ಅತ್ತೆ ಕೂಗಿದರೆ ತಲೆಗಳು ಮಾಯವಾಗುತ್ತಿದ್ದವು. ಸೀರೆ ಗಾಳಿಗೆ ಹಾರಿದಾಗ ದೂರದಲ್ಲಿ ಗುಮ್ಮಟ ಕಾಣುತ್ತಿತ್ತು.

ನೋವು ಪೂರ್ತಿ ಹೋಗಿಲ್ಲ. ಆದರೆ ಬೋರ್ಡಿನ ಕೊನೆಯ ಸಾಲಿನವರೆಗೂ ಬರೆಯುತ್ತೇನೆ, ಬರೆದು ನೆಟ್ಟಗೆ ನಿಲ್ಲುತ್ತೇನೆ. ಅದು ಕಾವಿನಿಂದಲೋ ವ್ಯಾಯಾಮದಿಂದಲೋ ಎಂದು ಗಂಡ ಕೇಳುತ್ತಲೇ ಇರುತ್ತಾರೆ. ಕೇಳಲಿ. ಸ್ಕೂಟರು ಈಗಲೂ ಬಬಲೇಶ್ವರಕ್ಕೆ ಹೋಗುತ್ತದೆ.

ಒಮ್ಮೆ ಅತ್ತೆಗೆ, "ನಿಮಗೂ ಹಿಡೀತೀನಿ, ಮಲಗ್ರಿ" ಎಂದೆ.

"ಬ್ಯಾಡ. ಬೆಂಕಿ ನನ್ನ ಹಿಂದ ತರಬ್ಯಾಡ. ಎಣ್ಣಿ ಹಚ್ಚಿ ಕೈಲೆ ತಿಕ್ಕು, ಸಾಕು."

ಒತ್ತಾಯ ಮಾಡಲಿಲ್ಲ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಆ ಗೆರೆಗಳ ಮೇಲೆ ಮೆಲ್ಲಗೆ ತಿಕ್ಕತೊಡಗಿದೆ. ಕೆಳಗಿನಿಂದ ಗಂಡ, ಚಾ ಆಗಿಲ್ಲವೇ ಎಂದು ಕೂಗಿದರು. ಅತ್ತೆ ತಲೆ ಕೂಡ ಎತ್ತಲಿಲ್ಲ.

"ಮಾಡ್ಕೊಂಡ್ ಕುಡಿ," ಎಂದರು. "ನಮಗೂ ಎರಡ ಕಪ್ ಮ್ಯಾಲ ತಾ."