ಮಡಿವಾಳ ಹಕ್ಕಿಗೊಂದು ಸಾಕ್ಷಿ

ಕ್ಯಾಮರಾದ ಬ್ಯಾಟರಿ ಮುಗಿದುಹೋಗಬಹುದಿತ್ತು. ಬ್ಯಾಟರಿ ಇದ್ದರೂ ಮೆಮೊರಿ ಕಾರ್ಡು ಮನೆಯ ಕಂಪ್ಯೂಟರಿನಲ್ಲೇ ಉಳಿದಿರಬಹುದಿತ್ತು. ನನ್ನ ಮಟ್ಟಿಗೆ ಅದೇನೂ ಹೊಸತಲ್ಲ. ಲೆನ್ಸಿನೊಳಗೆ ಕಳೆದ ಮಳೆಗಾಲದ ಬೂಸರು ಅರಳಿರಬಹುದಿತ್ತು. ಇಸಳೂರಿನಿಂದ ತ್ಯಾಗಲಿಗೆ ಹೋಗುವಾಗ ಬೈಕು ಪಂಕ್ಚರ್ ಆಗಬಹುದಿತ್ತು. ಉಣುಗು ಕಚ್ಚಿ, ಮಂಗನ ಕಾಯಿಲೆ ಬಂದು, ನಾನು ಶಿರಸಿಯ ಆಸ್ಪತ್ರೆಯಲ್ಲಿ ಮಲಗಿ, ನೋಡಲು ಬಂದವರೆಲ್ಲ “ಹಕ್ಕಿ ಫೋಟೋ ತೆಗೆಯಲೆ ಹೋಗಿದ್ನಡ” ಎಂದು ಪಿಸುಗುಟ್ಟಬಹುದಿತ್ತು. ಹಕ್ಕಿ ಬಾರದೇ ಇರಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಪೊಟರೆಯಲ್ಲಿ ಗೂಡೇ ಇಲ್ಲದಿರಬಹುದಿತ್ತು.

ಪೊಟರೆ ಇದ್ದದ್ದು ತ್ಯಾಗಲಿಯಲ್ಲಿ, ಅಕ್ಕನ ಮನೆಯ ಹಿಂದಿನ ಮತ್ತಿಮರದಲ್ಲಿ. ಅರ್ಧ ಒಣಗಿದ ಮರ, ಕೊಟ್ಟಿಗೆಯ ಕಡೆ ವಾಲಿಕೊಂಡಿತ್ತು. ಮಳೆ ಹಿಡಿಯುವ ಮೊದಲು ಅದನ್ನು ಕೆಡವಲೇಬೇಕೆಂದು ಭಾವ ತೀರ್ಮಾನಿಸಿದ್ದ. ಸ್ವಂತ ಮಾಲ್ಕಿ ಜಾಗದ ಮರ, ಪರವಾನಗಿಯೂ ಸಿಕ್ಕಿತ್ತು. ಯಲ್ಲಾಪುರ ಕಡೆಯ ಮರ ಕೊಯ್ಯುವ ಮಷೀನಿನವನು ಸೋಮವಾರ ಬರುತ್ತೇನೆಂದು ಒಪ್ಪಿಕೊಂಡಿದ್ದ.

ಅದರ ಹಿಂದಿನ ವಾರ ಏನೋ ಕೆಲಸಕ್ಕೆ ಅಲ್ಲಿಗೆ ಹೋದ ನನಗೆ ಮಡಿವಾಳ ಹಕ್ಕಿಯೊಂದು ಕಂಡಿತು. ಬೆಳಗಾಗುವ ಮೊದಲೇ ಟಿವಿ ಡಿಶ್ಶಿನ ಮೇಲೆ ಕೂತು ಬಾಲ ನಿಗುರಿಸಿ ಹಾಡುವ ಅದೇ ಕಪ್ಪು ಬಿಳುಪಿನ ಹಕ್ಕಿ. ಎಲ್ಲರ ಮನೆಯಲ್ಲೂ ಇರುವುದರಿಂದ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದು ಬಾಯಲ್ಲಿ ಹುಳ ಹಿಡಿದು ಮರದ ಆಚೆ ಮಗ್ಗುಲಿಗೆ ಹೋಯಿತು. ತಿರುಗಿ ಬಂದಾಗ ಬಾಯಿ ಖಾಲಿ. ಮರಿಗಳಿವೆ ಎಂದು ನನಗೆ ಅನ್ನಿಸಿತು. ಭಾವನಿಗೆ ಹೇಳಿದೆ.

“ನಿಂಗೆ ಕಾಣೋದೆಲ್ಲ ಎನಗೆ ಕಾಣ್ತಿಲ್ಲೆ,” ಎಂದ ಆತ. “ಹೋದ ವರ್ಷ ನೀನು ಗಾಳಿಗೆ ಹೆಂಚೆಲ್ಲ ಹಾರಿಹೋಗ್ತು ಹೇಳಿ ಫೋನ್ ಮೇಲೆ ಫೋನ್ ಮಾಡಿದ್ದೆ. ಒಂದಾದ್ರೂ ಹಾರಿತ್ತಾ?”

“ಮರಿ ಇದ್ದರೆ?”

“ಇದ್ದರೆ, ಹಾರೋ ತನಕ ಮರ ಮುಟ್ಟದಿಲ್ಲೆ. ಮಷೀನಿನವ ಮತ್ತೆ ಯಾವಾಗ ಸಿಗ್ತ್ನೋ, ಅದು ಎನ್ನ ತಲೆಬಿಸಿ. ಆದ್ರೆ ಬರೀ ಮಾತು ಬೇಡ. ಫೋಟೋ ತೋರ್ಸು.”

ಆ ಮನೆಯಲ್ಲಿ ನನ್ನ ಮಾತಿನ ಬೆಲೆ ಅಷ್ಟೇ ಎಂದು ಗೊತ್ತಾಯಿತು. ತಪ್ಪು ಅವರದಲ್ಲ.

ಭಾನುವಾರ ಬೆಳಗ್ಗೆ ಹೋದರೆ ಸಾಕಿತ್ತು. ಮನೆಯಲ್ಲಿ ಕೂರಲಾಗದೆ ಶನಿವಾರ ಸಂಜೆಯೇ ಹೋದೆ. ಕೊಟ್ಟಿಗೆಯಿಂದ ಮರದ ಬುಡದವರೆಗೆ ಒಣ ಎಲೆ ಹಾಸಿಕೊಂಡಿತ್ತು. ಈ ದರಕಿನ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಆ ಸದ್ದಿಗೆ ಬೆದರಿ ಹಕ್ಕಿ ಮರಿಗಳನ್ನೇ ಬಿಟ್ಟುಹೋದರೆ? ಮರಿಗಳನ್ನು ಉಳಿಸಲು ಹೋಗಿ ನಾನೇ ಕೊಂದಂತಾದರೆ? ಅಂಗಳದ ಪೊರಕೆ ತಂದು ಗುಡಿಸತೊಡಗಿದೆ. ಒಂದು ಕಾಲುದಾರಿಯಷ್ಟು ಎಂದು ಶುರುವಾದದ್ದು, ಅಲ್ಲೊಂದು ಎಲೆ ಇಲ್ಲೊಂದು ಎಲೆ ಎಂದು, ಮರದ ಸುತ್ತಲೂ ನೆಲ ಕಾಣುವಷ್ಟಾಯಿತು.

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. “ಹಕ್ಕಿಗೆ ಮದುವೆ ಚಪ್ಪರ ಹಾಕ್ತಾ ಇದ್ಯನ ತಮಾ?” ಎಂದವಳು, ನಾನು ಗುಡ್ಡೆ ಹಾಕಿದ ದರಕನ್ನು ಬುಟ್ಟಿಗೆ ತುಂಬಿ ಎಮ್ಮೆಯ ಕಾಲಡಿಗೆ ಹರವಲು ಒಯ್ದಳು. “ವಾರಕ್ಕೊಂದು ಸಲ ಬಾ,” ಎಂದೂ ಹೇಳಿದಳು.

ಮರುದಿನ ಬೆಳಗ್ಗೆ ಕೊಟ್ಟಿಗೆಯ ಗೋಡೆಗೊರಗಿ, ಕ್ಯಾಮರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೂತೆ. ಒಂದೇ ಕಡೆ ನೋಡುತ್ತ ಕೂರುವ ಜಾತಿ ನನ್ನದಲ್ಲ. ಬ್ಯಾಟರಿ ನೋಡಿದೆ. ಕಾಲುಚೀಲ ಇಳಿಸಿ ಉಣುಗು ಹುಡುಕಿದೆ. ಆಕಾಶದಲ್ಲಿ ಮೋಡವಿದೆಯೇ ಎಂದು ನೋಡಿದೆ. ಕತ್ತು ತಿರುಗಿಸಿದರೆ ಹಕ್ಕಿ ಆಗಲೇ ಪೊಟರೆಯೊಳಗೆ ನುಗ್ಗುತ್ತಿತ್ತು. ಗುಂಡಿ ಒತ್ತಿದೆ: ಬಾಲ. ಹೊರಗೆ ಬರುವಾಗ ಕಾಯ್ದು ಒತ್ತಿದೆ: ಖಾಲಿ ಪೊಟರೆ. ಮತ್ತೆ ಬಂತು, ಮತ್ತೆ ಬಾಲ. ಬಿಸಿಲೇರುವ ತನಕ ಇದೇ ಕತೆ. ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ ಎಂಬ ಸುಳಿವೇ ಇಲ್ಲ.

ಅಷ್ಟರಲ್ಲಿ ಕೊಟ್ಟಿಗೆಯಾಚೆ, ನನ್ನ ಪೊರಕೆ ತಲುಪದ ಜಾಗದಲ್ಲಿ, ಹರಟೆಮಲ್ಲಗಳ ಗುಂಪೊಂದು ಇಳಿದು ದರಕು ಕೆದಕತೊಡಗಿತು. ಚರಪರ, ಚರಪರ. ಗೋಡೆಯ ಈಚೆ ಕೂತೇ ಯಾವ ಹಕ್ಕಿ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು. ಮಡಿವಾಳ ಹಕ್ಕಿಯೂ ನೆಲದಲ್ಲಿ ಹುಳ ಹೆಕ್ಕಿಯೇ ಮೇಲೆ ಹಾರುವುದು. ಅದು ಬರುವ ಸುದ್ದಿ ಹೇಳಬೇಕಾದ ಎಲೆಗಳೆಲ್ಲ ಎಮ್ಮೆಯ ಕಾಲಡಿಯಲ್ಲಿದ್ದವು.

ಭಾವ ಚಾ ಲೋಟ ಹಿಡಿದುಕೊಂಡು ಬಂದ. ಕ್ಯಾಮರಾದ ಪರದೆಗೆ ಕಣ್ಣಿಟ್ಟ.

“ತಲೆ ಎಲ್ಲಿ?”

“ಒಳಗೆ.”

ಅವನು ಮುಂದಿನದನ್ನು ನೋಡಿದ. ಅದರ ಮುಂದಿನದನ್ನೂ. ನಾನು ಸೋಮವಾರದ ಮಷೀನಿನ ಸದ್ದನ್ನು ಆಗಲೇ ಕೇಳುತ್ತಿದ್ದೆ. ಅವನು ಲೋಟ ಕೆಳಗಿಟ್ಟು ಫೋನ್ ತೆಗೆದ.

“ನಾಳೆ ಬರುವುದು ಬೇಡ ಮಾರಾಯಾ,” ಎಂದ ಮಷೀನಿನವನಿಗೆ. “ಎರಡು ವಾರ ಬಿಟ್ಟು ಬಾ. ಎಂತಕ್ಕೆ ಅಂದ್ರೆ, ಮರದಲ್ಲಿ ಒಂದು ಬಾಲ ಉಂಟು. ಮತ್ತೆ ಮತ್ತೆ ಒಳಗೆ ಹೋಗ್ತದೆ.”

ಆಮೇಲಿನ ಎರಡು ವಾರ ಮರ ಕೊಟ್ಟಿಗೆಯ ಮೇಲೆ ಬೀಳಬಹುದಿತ್ತು. ಭಾವ ಎಮ್ಮೆಯನ್ನು ಆಚೆ ಬದಿಗೆ ಕಟ್ಟಿದ. ನಾನು ದಿನಾ ಸಂಜೆ ಫೋನ್ ಮಾಡಿ ಗಾಳಿ ಹೇಗಿದೆ ಎಂದು ಕೇಳಿದೆ. “ಇನ್ನೂ ಬೀಸ್ಲೆ ಶುರುವಾಜಿಲ್ಲೆ, ನೀನು ಫೋನಿಡು,” ಎನ್ನುತ್ತಿದ್ದಳು ಅಕ್ಕ. ಮರಿಗಳು ಹಾರಿದವು. ಮಷೀನಿನವನು ಹೇಳಿದ ದಿನವೇ ಬಂದ. ಮರ ಒಂದು ಹೆಂಚನ್ನೂ ಮುಟ್ಟದೆ ನೆಲಕ್ಕೆ ಬಿತ್ತು, ಮಳೆ ಆಮೇಲೆ ಬಂತು. ಬ್ಯಾಟರಿಯಾಗಲಿ ಕಾರ್ಡಾಗಲಿ ಲೆನ್ಸಾಗಲಿ ಕೈಕೊಟ್ಟಿರಲಿಲ್ಲ. ಉಣುಗು ಹತ್ತಿರವೂ ಸುಳಿದಿರಲಿಲ್ಲ.

ಹಕ್ಕಿಯ ಮುಖ ಮಾತ್ರ ಒಂದು ಫೋಟೋದಲ್ಲೂ ಇಲ್ಲ.