ಅಪ್ಪ ಬರೆಯದ ಮೂರು ಸೊನ್ನೆ

ಅಪ್ಪನನ್ನು ಸುಳ್ಳುಗಾರ ಎಂದು ಸಾಬೀತು ಮಾಡಿದ್ದು ನಾನೇ ಬರೆದ ಪ್ರೋಗ್ರಾಮು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ.

ನಮ್ಮದು ಕಾಗಿಣಾ ಹೊಳೆಯ ದಂಡೆಯ ಮನೆತನ. ಅಜ್ಜ ದೋಣಿ ನಡೆಸಿದ. ಸೇಡಂ ರಸ್ತೆಗೆ ಸೇತುವೆ ಬಂದ ಮೇಲೆ ಅಪ್ಪನ ಪಾಲಿಗೆ ಉಳಿದದ್ದು ಹೊಳೆಯಲ್ಲಿ ನೆಟ್ಟ ಗೇಜ್ ಕಂಬ. ದಿನಾ ಬೆಳಿಗ್ಗೆ ನೀರು ಯಾವ ಗೆರೆಗೆ ಬಂದಿದೆ ಎಂದು ನೋಡಿ, ವಹಿಯಲ್ಲಿ ಬರೆದು, ಮೊಬೈಲಿನಿಂದ ನೀರಾವರಿ ಕಚೇರಿಗೆ ಮೆಸೇಜು ಕಳಿಸುವುದು ಅವನ ಕೆಲಸ. ಚಿಂಚೋಳಿ ಕಡೆ ಮಳೆಯಾದರೆ ನಮ್ಮಲ್ಲಿ ಯಾವ ಹೊತ್ತಿಗೆ ನೀರು ಏರುತ್ತದೆ ಎಂದು ಅವನು ಆಕಾಶ ನೋಡಿಯೇ ಹೇಳುತ್ತಿದ್ದ. ಕಾಯಂ ನೌಕರಿ ಅಲ್ಲ, ಆದರೂ ಅದರ ಬಗ್ಗೆ ಅವನಿಗೆ ಭಾರಿ ಹೆಮ್ಮೆ.

ನಾನು ಶಹಾಬಾದದಲ್ಲಿ ಮನೆ ಮಾಡಿಕೊಂಡು, ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರದ ಕಾಲೇಜೊಂದಕ್ಕೆ ಸಿ ಭಾಷೆ ಕಲಿಸಲು ಹೋಗುವವನು. ಅಪ್ಪನಂಥ ಗೇಜಿನವರ ಮೆಸೇಜುಗಳನ್ನು ಕಚೇರಿಯ ಕಂಪ್ಯೂಟರಿಗೆ ಇಳಿಸುವ ಪ್ರೋಗ್ರಾಮನ್ನು ಪುಕ್ಕಟೆ ಬರೆದುಕೊಟ್ಟವನೂ ನಾನೇ. ಒಬ್ಬೊಬ್ಬರಿಗೆ ಒಂದೊಂದು ಫೈಲು, ಅದರಲ್ಲಿ ದಿನಕ್ಕೊಂದು ಬ್ಲಾಕು, ಅಂದರೆ ಡಿಸ್ಕಿನ ಒಂದು ತುಂಡಿನಷ್ಟು ಜಾಗ. ಮೆಸೇಜು ಬಂದರೆ ಆ ತಾರೀಖಿನ ಜಾಗಕ್ಕೆ ಜಿಗಿದು ಬರೆಯುತ್ತದೆ. ಬರದಿದ್ದರೆ ಅಲ್ಲಿ ತೂತು ಉಳಿಯುತ್ತದೆ. ಡಿಸ್ಕಿನಲ್ಲಿ ಆ ಜಾಗವೇ ಇರುವುದಿಲ್ಲ, ಆದರೆ ಓದಲು ಹೋದರೆ ಸೊನ್ನೆ ಸಿಗುತ್ತದೆ. ಬಾರದ ದಿನಕ್ಕೆ ಬೇರೆ ಗುರುತು ಹಾಕಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಜಾಣ ನೋಡಿ ನಾನು.

ಆ ವರ್ಷ ಮಹಾನವಮಿಗೆ ಕಚೇರಿಯವರು ಆಯುಧಗಳ ಖಂಡೇ ಪೂಜೆಗೆ ಕಂಪ್ಯೂಟರನ್ನೂ ಇಟ್ಟರು. ನಮ್ಮ ಕಡೆ ಪೂಜೆಗಿಟ್ಟ ಕುಡುಗೋಲನ್ನು ದಶಮಿಗೆ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ಕಂಪ್ಯೂಟರನ್ನೂ ಮುಟ್ಟಲಿಲ್ಲ. ವಿಭೂತಿ ಬಳಿದು, ಹೂ ಏರಿಸಿ, ಮರುದಿನದ ರಜೆಯೂ ಸೇರಿ ಮೂರು ದಿನ ಬಂದ್ ಇಟ್ಟರು. ಇದು ಗೊತ್ತಿದ್ದ ಉಳಿದ ಗೇಜಿನವರು ಹಬ್ಬ ಉಂಡು, ಮೂರೂ ದಿನದ ಅಂಕಿಗಳನ್ನು ಅಂದಾಜಿನ ಮೇಲೆ ಆಮೇಲೆ ಒಟ್ಟಿಗೆ ಕಳಿಸಿದರು. ಅಪ್ಪನೂ ಕಂಬಕ್ಕೆ ಕುಂಕುಮ ಹಚ್ಚಿದ, ಹಚ್ಚಿ ರೀಡಿಂಗ್ ತೆಗೆದ.

“ಹೊಳಿಗಿ ಹಬ್ಬ ಗೊತ್ತಾಗ್ತದೇನು? ಅದು ಏರೇ ಏರ್ತದ,” ಎಂದಿದ್ದ ಅವ್ವನಿಗೆ.

ಹೊಳೆ ಏರಿಯೇ ಇತ್ತು. ಅವನ ಮೂರು ಮೆಸೇಜು ಬಂದ್ ಇದ್ದ ಮಷೀನಿಗೆ ಮುಟ್ಟದೆ ಕಳೆದುಹೋದವು. ಕಚೇರಿಯ ಪಟ್ಟಿಯಲ್ಲಿ ಮನೆಯಲ್ಲಿ ಕುಂತವರಿಗೆಲ್ಲ ಅಂಕಿ ಬಂತು, ನೀರಿಗಿಳಿದವನಿಗೆ ಮೂರು ಸೊನ್ನೆ. ಹೊಸದಾಗಿ ಬಂದಿದ್ದ ಸಾಹೇಬರು ನೋಟಿಸು ಕಳಿಸಿದರು: ನದಿ ತುಂಬಿದಾಗ ಸುಳ್ಳು ಅಂಕಿ ಕಳಿಸಿದ್ದಕ್ಕೆ ಯಾಕೆ ತೆಗೆದುಹಾಕಬಾರದು? ಅಪ್ಪನ ಫೋನಿನಲ್ಲಿ ಹಳೆಯ ಮೆಸೇಜು ಉಳಿದಿರಲಿಲ್ಲ. ವಹಿ ತೋರಿಸಿದರೆ, “ಕೈಲೆ ಬರದದ್ದು ಯಾವಾಗ ಬೇಕಾದ್ರೂ ಬರೀಬಹುದು,” ಅಂದರು.

ನಾನು ರಜೆ ಹಾಕಿ ಕಚೇರಿಗೆ ಹೋದೆ. ಬರೆದ ಸೊನ್ನೆಗೂ ಬರೆಯದ ತೂತಿಗೂ ಓದುವಾಗ ವ್ಯತ್ಯಾಸ ಕಾಣುವುದಿಲ್ಲ. ಆದರೆ ಸಿ ಭಾಷೆಯಲ್ಲಿ ಎಲ್‌ಸೀಕ್ ಎಂಬ ಕರೆ ಇದೆ. ಅದಕ್ಕೆ ಸೀಕ್ ಹೋಲ್ ಎಂದು ಕೊಟ್ಟರೆ ಮುಂದಿನ ತೂತು ಎಲ್ಲಿ ಶುರುವಾಗುತ್ತದೆ ಎಂದು ತೋರಿಸುತ್ತದೆ, ಸೀಕ್ ಡೇಟಾ ಎಂದರೆ ಬರವಣಿಗೆ ಮತ್ತೆ ಎಲ್ಲಿಂದ ಎಂದು. ಇಪ್ಪತ್ತು ಸಾಲಿನ ಪ್ರೋಗ್ರಾಮು. ಓಡಿಸಿದೆ. ಸರಿಯಾಗಿ ಆ ಮೂರು ದಿನದ ಮೇಲೆ ಒಂದೇ ಉದ್ದನೆಯ ತೂತು. ಅಪ್ಪ ಸೊನ್ನೆ ಕಳಿಸಿರಲಿಲ್ಲ. ಅಲ್ಲಿ ಯಾರೂ ಏನನ್ನೂ ಬರೆದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಪರೇಟರ್ ಮುಖ ಸಣ್ಣದು ಮಾಡಿಕೊಂಡ. ಪೂಜೆಗೆ ಸ್ವಿಚ್ ಆರಿಸಿದವನು ಅವನೇ. ಸಾಹೇಬರಿಗೆ ಪುರಸೊತ್ತಿರಲಿಲ್ಲ. “ವಿಚಾರಣಿ ದಿನ ತೋರಸ್ರಿ,” ಅಂದರು. ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಗೆದ್ದವನ ಹಾಗೆ ಮನೆಗೆ ಬಂದೆ.

ವಾರದ ಮೇಲೆ, ವಾಡಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವಾಗ, ಆಪರೇಟರ್ ಫೋನು ಮಾಡಿದ.

“ಸರ, ಹೊಸಾ ಮಷೀನ್ ಬಂದದ. ನಿಮ್ಮ ಬಲ್ಲಿ ಕಾಪಿ ಅದಲ್ರಿ? ಹಳೇದು ಫಾರ್ಮ್ಯಾಟ್ ಮಾಡ್ಲೇನ್ರಿ?”

ಗಾಡಿ ಬರುತ್ತಿತ್ತು. “ಮಾಡ್ರಿ,” ಎಂದೆ.

ವಿಚಾರಣೆಯ ದಿನ ಸಾಹೇಬರ ಮೇಜಿನ ಮೇಲಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿ ಅದೇ ಪ್ರೋಗ್ರಾಮು ಓಡಿಸಿದೆ. ಮೊದಲಿಂದ ಕೊನೆಯವರೆಗೆ ಬರವಣಿಗೆ. ತೂತೇ ಇಲ್ಲ. ಇನ್ನೊಮ್ಮೆ ಓಡಿಸಿದೆ, ಆದರೆ ಅಷ್ಟರಲ್ಲಿ ನನಗೆ ತಿಳಿದಿತ್ತು. ಪೆನ್ ಡ್ರೈವಿನ ಫೈಲ್ ವ್ಯವಸ್ಥೆಗೆ ತೂತು ಗೊತ್ತಿಲ್ಲ. ಅದಕ್ಕೆ ನಕಲು ಮಾಡಿದರೆ ತೂತೆಲ್ಲ ನಿಜವಾದ ಸೊನ್ನೆಯಾಗಿ ತುಂಬಿಕೊಳ್ಳುತ್ತದೆ. ಇದನ್ನು ಪ್ರತಿ ವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಹೇಳುವ ಮೇಷ್ಟ್ರು ನಾನು. ತೂತಿದ್ದ ಮೂಲ ಫೈಲು ಹಳೆಯ ಮಷೀನಿನ ಜೊತೆ ಅಳಿಸಿಹೋಗಿತ್ತು. ತೆರೆಯ ಫೋಟೋ ಕೂಡ ತೆಗೆದಿರಲಿಲ್ಲ. ಪೂಜೆಗೆಂದು ಮಷೀನು ಬಂದ್ ಇತ್ತು ಎಂದೆ. ಉಳಿದವರ ಅಂಕಿ ಹೇಗೆ ಬಂತು ಎಂದರು ಸಾಹೇಬರು. ಆಪರೇಟರ್ ಕಡೆ ನೋಡಿದೆ. “ನಾ ಏನೂ ನೋಡಿಲ್ರಿ,” ಎಂದ.

“ಮಾಸ್ತರ, ನಿಮ್ಮ ಪ್ರೋಗ್ರಾಮೇ ಹೇಳ್ಲಿಕತ್ತದಲ್ರಿ, ಸೊನ್ನಿ ಬರದದ ಅಂತ,” ಎಂದು ಸಾಹೇಬರು ಅಪ್ಪನನ್ನು ತೆಗೆದುಹಾಕುವ ಕಾಗದಕ್ಕೆ ಸಹಿ ಹಾಕಿದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ನನ್ನ ಮೇಲಿರುವುದಕ್ಕೆ ಸಿಟ್ಟು ಎನ್ನುವ ಮಾತು ಸಾಲದು.

ಊರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಕೆಲಸ ಹೋಯಿತೆಂದು ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಕಚೇರಿಯ ಮಷೀನು ಕೆಟ್ಟು ಎಲ್ಲ ಅಳಿಸಿಹೋಗಿತ್ತು ಎಂದೆ.

“ಅವರೇ ಕೆಡಿಸ್ಯಾರ ಬಿಡು,” ಎಂದ ಅಪ್ಪ. “ನೀ ಮಾಡಿಕೊಟ್ಟದ್ದು ತಾನಾಗೇ ಹೆಂಗ ಕೆಡ್ತದ?”

ಆಮೇಲೆ ನನಗೆ ನೀರು ತಂದುಕೊಟ್ಟ. ಕುಡಿದೆ. “ಮಾಡ್ರಿ” ಅಂದವನು ನಾನೇ ಎಂದು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.