ತಲೆಯ ಮೇಲಿನ ಚೌಕಾಶಿ

ಹಳೆಯ ಗ್ರೈಂಡರ್ ಕೊಳ್ಳಲು ಹೋದಾಗ ಮೊದಲು ಅದರ ಮೈಮೇಲೆ ಕೈ ಇಟ್ಟು ನೋಡಬೇಕು. ಬೆಚ್ಚಗಿದ್ದರೆ ಬಿಟ್ಟು ಬರಬೇಕು. ನೀವು ಬರುವ ಮೊದಲೇ ಮಾರುವವನು ಅದನ್ನು ಓಡಿಸಿ ಇಟ್ಟಿದ್ದಾನೆ ಎಂದು ತಿಳಿಯಿರಿ. ತಣ್ಣಗಿದ್ದಾಗ ಕೆಮ್ಮುವ ಮೋಟರು ಬಿಸಿಯಾದ ಮೇಲೆ ಸದ್ದಿಲ್ಲದೆ ಓಡುತ್ತದೆ. ಮುಚ್ಚಿಹೋದ ಹೋಟೆಲುಗಳಿಂದ ಗ್ರೈಂಡರ್, ದೋಸೆ ಕಾವಲಿ, ಸ್ಟೀಲ್ ಟೇಬಲ್ ಕೊಂಡು ಹೊಸದಾಗಿ ಹೋಟೆಲ್ ತೆರೆಯುವವರಿಗೆ ಮಾರುವುದು ನನ್ನ ಕಸುಬು. ಭೋಸರಿಯಲ್ಲೊಂದು ಶೆಡ್ಡು, ಒಂದು ಟೆಂಪೊ, ಬಾಯಲ್ಲೊಂದು ನಾಲಿಗೆ, ಇಷ್ಟರಲ್ಲೇ ಕಟ್ಟಿದ್ದು. ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದಾಗ ನನಗೆ ಬರುತ್ತಿದ್ದ ಮರಾಠಿ 'ಕಿತೀಲಾ' ಒಂದೇ. ಎಷ್ಟಕ್ಕೆ, ಎಂದು. ವ್ಯಾಪಾರಕ್ಕೆ ಬಹಳ ದಿನ ಅದೇ ಸಾಕಾಯಿತು.

ಈ ಬುದ್ಧಿಮಾತನ್ನು ಮೊದಲೇ ಹೇಳಿಬಿಟ್ಟೆ. ಮುಂದೆ ಸಿಟ್ಟಿನಲ್ಲಿ ಮರೆತರೂ ಮರೆತೇನು.

ಮಳೆಗಾಲದ ಶನಿವಾರಗಳಲ್ಲಿ ನಾವು ಪಿಂಪ್ರಿಯ ಒಂದು ಹೋಟೆಲಿನ ಮಾಳಿಗೆಯಲ್ಲಿ ರಗ್ಬಿ ನೋಡುತ್ತೇವೆ. ಹೋಟೆಲಿನ ಮಾಲೀಕರು ಕುಂದಾಪುರದ ಕಡೆಯವರು, ಅವರ ಅಡುಗೆಮನೆಯ ಅರ್ಧ ಸಾಮಾನು ನನ್ನ ಶೆಡ್ಡಿನಿಂದ ಹೋದದ್ದು. ಅವರಿಗೆ ಈ ಆಟದ ಹುಚ್ಚು ಹತ್ತಿಸಿದವಳು ನನ್ನ ಮಗಳು. ಹತ್ತಿರದ ಮೈದಾನದಲ್ಲಿ ಆಡುವ ಹುಡುಗಿಯರು ಪ್ರಾಕ್ಟೀಸ್ ಮುಗಿಸಿ ಕೆಸರು ಮೈಯಲ್ಲೇ ಇಡ್ಲಿ ತಿನ್ನಲು ನುಗ್ಗುತ್ತಿದ್ದರು. ಒಂದು ದಿನ ಬೈಯಲೆಂದು ಹತ್ತಿರ ಬಂದ ಮಾಲೀಕರು ಆಟದ ನಿಯಮ ಕೇಳುತ್ತ ಅಲ್ಲೇ ಕೂತುಬಿಟ್ಟರು. ಆಮೇಲೆ ಮಾಳಿಗೆಯ ಮೇಲೆ ದೊಡ್ಡ ಟಿವಿ ಬಂತು. ಬೆಳಗಾವಿಯ ಒಬ್ಬ ನಿವೃತ್ತ ಸುಭೇದಾರರು ಬಂದರು. ಅವರು ಸೇನೆಯಲ್ಲಿ ರಗ್ಬಿ ಆಡಿದವರು, ಈಗ ಒಂದು ಕಾರ್ಖಾನೆಯ ಕಾವಲು ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಒಬ್ಬ ತರುಣ ಎಂಜಿನಿಯರ್ ಸೇರಿಕೊಂಡ. ಅವನು ಚೆಂಡು ಮುಟ್ಟಿದವನಲ್ಲ, ಆದರೆ ಎಲ್ಲ ನಿಯಮವೂ ಅವನ ಫೋನಿನಲ್ಲಿ ಇರುತ್ತದೆ. ರಗ್ಬಿಯಲ್ಲಿ ಟೆಸ್ಟ್ ಎಂದರೆ ದೇಶ ದೇಶಗಳ ನಡುವಿನ ಆಟ, ಊಟದ ಹೊತ್ತಿಗೆ ಶುರುವಾದದ್ದು ಚಹದ ಹೊತ್ತಿಗೆ ಮುಗಿಯುತ್ತದೆ. ಐದು ದಿನ ನಡೆಯುವುದು ಅದರ ವಿಶ್ಲೇಷಣೆ.

ಆ ಶನಿವಾರ ನ್ಯೂಜಿಲೆಂಡಿನ ಕಪ್ಪು ಅಂಗಿಯವರಿಗೂ ದಕ್ಷಿಣ ಆಫ್ರಿಕದ ಹಸಿರು ಅಂಗಿಯವರಿಗೂ ಆಟ. ಮಗಳ ಚಿಂತೆ ಮಾತ್ರ ಮರುದಿನದ್ದು. ಭಾನುವಾರ ಅವಳಿಗೆ ರಾಜ್ಯ ತಂಡದ ಆಯ್ಕೆಯ ಪಂದ್ಯವಿತ್ತು. ಚೆಂಡು ಹಿಡಿದು ನುಗ್ಗುವವರನ್ನು ಸೊಂಟಕ್ಕೆ ತೆಕ್ಕೆ ಹಾಕಿ ಕೆಡಹುವುದು ತಂಡದಲ್ಲಿ ಅವಳ ಕೆಲಸ. ಎರಡು ವರ್ಷದಿಂದ ಅವಳು ಬೆಳಗಿನ ಜಾವ ಎದ್ದು ಓಡಿದ್ದು, ಹಬ್ಬದ ಹೋಳಿಗೆ ಮುಟ್ಟದೆ ಮೊಟ್ಟೆ ತಿಂದದ್ದು, ಎಲ್ಲವೂ ಆ ಒಂದು ಪಂದ್ಯಕ್ಕಾಗಿ.

ಆಟ ಮುಗಿಯಿತು, ಕಪ್ಪು ಅಂಗಿಯವರು ಕೂದಲೆಳೆಯಲ್ಲಿ ಗೆದ್ದರು. ಮಾಲೀಕರು ರಿಮೋಟ್ ಹಿಡಿದು ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದರು. ವಿಶ್ಲೇಷಣೆ ಶುರುವಾಯಿತು.

"ಎದುರಿಗೇ ಕಂಬ ಅದಾವ, ನಡುವ ಒದ್ರ ಮೂರು ಅಂಕ ಕೈಯಾಗ ಅದಾವ. ಅದನ್ನ ಬಿಟ್ಟು ಚೆಂಡು ಮೂಲಿಗೆ ಒದೀತಾನಲ್ಲ, ಈ ಹಸಿರು ಅಂಗಿ ಕ್ಯಾಪ್ಟನ್!" ಎಂದು ಸುಭೇದಾರರು ಮೇಜು ಗುದ್ದಿದರು. "ಇವನ್ನ ನಾನು ಗೇಟ್‌ನ್ಯಾಗ ಸುದ್ದಾ ನಿಲ್ಸೂದಿಲ್ಲ."

"ಅಂಕಲ್, ಅವಾಗ ಇನ್ನೂ ಟೈಮ್ ಇತ್ತು. ಚೆಂಡನ್ನ ಗೆರೆ ದಾಟಿಸಿ ಏಳು ಪಾಯಿಂಟ್ ತಗೊಳಕ್ಕೆ ಹೋಗಿದ್ದು ಕರೆಕ್ಟೇ," ಎಂದ ಎಂಜಿನಿಯರ್.

"ಎಂತ ಕರೆಕ್ಟ್ ಮಾರಾಯ್ರೆ? ಏಳೂ ಬರಲಿಲ್ಲ, ಮೂರೂ ಹೋಯ್ತು," ಎಂದರು ಮಾಲೀಕರು. "ಅಕ್ಕ, ನೀವು ಹೇಳಿ."

"ಬಾಗಲಕ್ಕ ಬಂದ ಗಿರಾಕಿನ್ನ ಕೂಡಿಸ್ಕೋಬೇಕ್ರಿ," ಎಂದೆ. "ಇದಕ್ಕಿಂತ ದೊಡ್ಡ ಗಿರಾಕಿ ಬರ್ತಾನಂತ ಬಾಗಲಾ ಹಾಕ್ಕೊಂಡ್ರ ಸಂಜೀಕ ನಾವ ಕಸಾ ಹೊಡೀಬೇಕು."

ಇಂಥ ಜಗಳ ಬಗೆಹರಿಸುವವಳು ಮಗಳು. ಮೇಲೆದ್ದು ಟಿವಿಯ ಹತ್ತಿರ ನಿಂತು, ಇಲ್ಲಿ ನೋಡ್ರಿ, ಇವನು ಒಂದು ಹೆಜ್ಜೆ ಒಳಗೆ ಬಂದಾನ, ಅದಕ್ಕೆ ಆ ಸಂದು ಬಿತ್ತು ಎಂದು ಬೆರಳಿಟ್ಟು ತೋರಿಸುತ್ತಾಳೆ. ಆ ದಿನ ಅವಳು ಏಳಲಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂತು, "ಪರದೆ ಎಳೀರಿ, ಬೆಳಕು ಭಾಳ ಅದ," ಎಂದಳು. ಹೊರಗೆ ಕಪ್ಪು ಮೋಡ ಕವಿದು ಬೀದಿಯ ದೀಪ ಹಗಲಲ್ಲೇ ಹತ್ತಿತ್ತು. ಬೆಳಕೆಲ್ಲಿತ್ತು?

ಅಷ್ಟರಲ್ಲಿ ರೆಕಾರ್ಡಿಂಗ್ ಆ ಡಿಕ್ಕಿಯ ಹತ್ತಿರ ಬಂದು ನಿಂತಿತು. ಹಸಿರು ಅಂಗಿಯ ಆನೆಯಂಥ ಆಟಗಾರನೊಬ್ಬ ಓಡಿ ಬಂದು ಕಪ್ಪು ಅಂಗಿಯ ಹುಡುಗನ ದವಡೆಗೆ ಭುಜ ಕೊಟ್ಟಿದ್ದ. ರೆಫರಿ ಕೆಂಪು ಕಾರ್ಡು ತೋರಿಸಿ ಹೊಡೆದವನನ್ನು ಹೊರಗೆ ಹಾಕಿದ. ಪೆಟ್ಟು ತಿಂದವನು ಎದ್ದ, ಒಂದು ಹೆಜ್ಜೆ ಇಟ್ಟ, ಹಸುಗೂಸಿನ ಹಾಗೆ ಮೊಣಕಾಲು ಮಡಚಿಕೊಂಡಿತು. ವೈದ್ಯರು ತಲೆಯ ಪರೀಕ್ಷೆಗೆಂದು ಒಳಗೆ ಕರೆದೊಯ್ದರು. ಅವನು ಮತ್ತೆ ಬರಲಿಲ್ಲ.

"ಎದ್ದು ನಿಂತಿದ್ದಾನಲ್ಲ! ಮತ್ತೆ ಎಂತದ್ದು ಪರೀಕ್ಷೆ?" ಎಂದರು ಮಾಲೀಕರು.

"ನಮ್ಮ ಕಾಲದಾಗ ತಲಿಮ್ಯಾಲೆ ಒಂದು ಬಕೆಟ್ ನೀರು ಸುರುವಿದ್ರ ಎದ್ದು ಓಡ್ತಿದ್ವಿ," ಎಂದರು ಸುಭೇದಾರರು. "ಇವು ಗಾಜಿನ ಗೊಂಬಿ. ಆಟಾ ಕೆಡಿಸಿಬಿಟ್ರು."

ಮಾಲೀಕರು ಆ ತುಣುಕನ್ನು ಹಿಂದೆ ಓಡಿಸಿದರು, ಮುಂದೆ ಓಡಿಸಿದರು, ನಿಧಾನ ಮಾಡಿದರು. ಒಬ್ಬನ ಕಣ್ಣು ಮೇಲೆ ಸಿಕ್ಕಿಕೊಳ್ಳುವುದನ್ನು ನಾವು ಗೋಳಿಬಜೆ ಚಟ್ನಿಯಲ್ಲಿ ಅದ್ದುತ್ತ ಮತ್ತೆ ಮತ್ತೆ ನೋಡಿದೆವು. ಭುಜ ಮೊದಲು ತಗುಲಿತೋ ಮೊಣಕೈಯೋ ಎಂಬುದಷ್ಟೇ ಅಲ್ಲಿ ಚರ್ಚೆ. ತಲೆಯ ಬಗ್ಗೆ ಯಾರಿಗೂ ಚಿಂತೆಯಿಲ್ಲ.

"ಸುಮ್ನೆ ಅಲ್ಲ ಅಂಕಲ್, ಡಾಕ್ಟರ್ ಪ್ರಶ್ನೆ ಕೇಳ್ತಾರೆ. ತಪ್ಪು ಹೇಳಿದ್ರೆ ಔಟ್," ಎಂದು ಎಂಜಿನಿಯರ್ ಫೋನ್ ತೆಗೆದ. "ನಿಮ್ಗೇ ಕೇಳ್ತೀನಿ ನೋಡಿ. ಇವತ್ತು ಯಾವ ಗ್ರೌಂಡಲ್ಲಿ..."

ಸುಭೇದಾರರು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಮಗಳ ದನಿ ಬಂತು. "ನಮ್ದ ಗ್ರೌಂಡ್. ಎರಡನೇ ಅರ್ಧ. ಕೊನೀಗೆ ಅಂಕ ಹೊಡದಾವ್ರು ನಾವ. ಹ್ವಾದ ವಾರ ಮುಂಬೈದವ್ರ ಜೋಡಿ ಆಡಿದ್ವಿ. ಗೆದ್ವಿ."

ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. "ಶಾಣ್ಯಾ ಹುಡುಗಿ!" ಎಂದರು ಸುಭೇದಾರರು.

ನಾನು ನಗಲಿಲ್ಲ. ಎಂಜಿನಿಯರ್ ಕೇಳಹೊರಟದ್ದು ಟಿವಿಯ ಆಟದ ಬಗ್ಗೆ, ಇವಳು ಹೇಳಿದ್ದು ತನ್ನ ಆಟದ್ದು. ಅದೂ ಕೇಳದ ಪ್ರಶ್ನೆಗಳಿಗೆ, ಸಾಲು ತಪ್ಪದೆ, ಮಗ್ಗಿ ಒಪ್ಪಿಸಿದ ಹಾಗೆ. ಗ್ರೈಂಡರಿನ ಮೈ ಬೆಚ್ಚಗಿತ್ತು.

ಮಾರುವವನು ಓಡಿಸಿ ತೋರಿಸಿದ ಕಡೆ ನೋಡಬಾರದು, ಅವನು ತೋರಿಸದ ಕಡೆ ಕೈ ಹಾಕಬೇಕು. ನಾನು ಕೇಳಿದೆ. "ಗುರುವಾರ ಪ್ರಾಕ್ಟೀಸ್ ಮುಗಿಸಿ ಮನಿಗೆ ಹೆಂಗ ಬಂದಿ?"

"ಬಸ್ಸಿನ್ಯಾಗ."

"ಯಾವ ಬಸ್ಸು?"

"ದಿನಾ ಬರೂ ಬಸ್ಸವಾ. ಏನಿದು, ಪೊಲೀಸ್ರಂಗ?"

ಗುರುವಾರ ಅವಳನ್ನು ಮನೆಗೆ ಕರೆತಂದವಳು ನಾನು. ಮಳೆ ಹೊಡೆಯುತ್ತಿತ್ತು, ಹಿಂದೆ ಒಂದು ದೋಸೆ ಕಾವಲಿ ಹೇರಿಕೊಂಡು ಟೆಂಪೊ ಓಡಿಸುತ್ತಿದ್ದೆ, ಮೈದಾನದ ಬಾಗಿಲಲ್ಲಿ ಹತ್ತಿಸಿಕೊಂಡೆ. ದಾರಿಯಲ್ಲಿ ನಿಲ್ಲಿಸಿ ಸುಟ್ಟ ಮೆಕ್ಕೆತೆನೆ ಕೊಡಿಸಿದೆ. ಅವಳು ಮಸಿ ಕೈಯನ್ನು ಸೀಟಿಗೆ ಒರೆಸಿದ್ದಕ್ಕೆ ಬೈದಿದ್ದೆ. ಮಾತಿಲ್ಲದೆ ಗಾಜಿಗೆ ತಲೆ ಆನಿಸಿ ಕೂತಿದ್ದಳು, ದಣಿವು ಅಂದುಕೊಂಡೆ.

ಅಷ್ಟನ್ನೂ ಅಲ್ಲೇ ಎಲ್ಲರೆದುರು ಹೇಳಿದೆ. ಅವಳು ನನ್ನ ಮುಖ ನೋಡಿದಳು. ಸುಳ್ಳು ಸಿಕ್ಕಿಬಿದ್ದ ಮುಖ ನನಗೆ ಗೊತ್ತು, ದಿನಾ ನೋಡುವುದು ಅದನ್ನೇ. ಇದು ಅದಲ್ಲ. ಹೆದರಿದ ಮುಖ.

"ಟೆಂಪೊದಾಗ?" ಎಂದಳು.

ಆಮೇಲೆ ಒಂದೊಂದಾಗಿ ಹೊರಗೆ ಬಂತು. ಗುರುವಾರ ಒಬ್ಬಳನ್ನು ಕೆಡಹುವಾಗ ಅವಳ ಮೊಣಕಾಲು ಇವಳ ಕಿವಿಯ ಮೇಲೆ ಬಡಿದಿತ್ತು. ಕೋಚ್ ಬಂದು ಆ ಪ್ರಶ್ನೆಗಳನ್ನು ಕೇಳಿದ್ದ, ಇವಳು ಸರಿಯಾಗಿ ಉತ್ತರಿಸಿದ್ದಳು. ಉತ್ತರಿಸದೆ ಏನು? ದೊಡ್ಡ ಹುಡುಗಿಯರು ಚಿಕ್ಕವರಿಗೆ ಕಲಿಸಿಕೊಡುತ್ತಾರಂತೆ, ಪಂದ್ಯಕ್ಕೆ ಮೊದಲೇ ಮೈದಾನ ಯಾವುದು, ಹೋದ ವಾರ ಯಾರ ಮೇಲೆ ಆಡಿದ್ದು ಎಂದು ಬಾಯಿಪಾಠ ಮಾಡಿಕೊಂಡೇ ಇಳಿಯಬೇಕಂತೆ. ಪ್ರಶ್ನೆ ಯಾವಾಗಲೂ ಅವೇ ಆದರೆ ಯಾರು ಕಲಿಯುವುದಿಲ್ಲ?

ಕೋಚ್‌ಗೆ ಫೋನ್ ಹಚ್ಚಿದೆ.

"ಥೋಡಂ ಲಾಗ್ಲಂ ಹೋತಂ, ತಾಈ," ಎಂದ. ಸ್ವಲ್ಪ ಪೆಟ್ಟಾಗಿತ್ತು, ಈಗ ಹುಡುಗಿ ಚೆನ್ನಾಗಿದ್ದಾಳೆ, ಎಂದು.

ಚೆನ್ನಾಗಿಲ್ಲ, ಗುರುವಾರದ ಸಂಜೆಯೇ ಅವಳ ತಲೆಯಲ್ಲಿಲ್ಲ, ನಾಳೆ ಆಡುವುದಿಲ್ಲ ಎಂದೆ. ಅವನು ತಡ ಮಾಡಲಿಲ್ಲ. ಹಾಗಾದರೆ ಅರ್ಧ ಆಟ ಆಡಲಿ ಎಂದ. ಆಗುವುದಿಲ್ಲ ಎಂದೆ. ಕೊನೆಯ ಇಪ್ಪತ್ತು ನಿಮಿಷ ಸಾಕು, ಆಯ್ಕೆ ಮಾಡುವವರ ಕಣ್ಣಿಗೊಮ್ಮೆ ಬಿದ್ದರಾಯಿತು ಎಂದ.

ನನಗೆ ಮೈ ಉರಿದದ್ದು ಅಲ್ಲಿ. ಇಷ್ಟು ವರ್ಷ ಚೌಕಾಶಿ ಮಾಡಿ ಹೊಟ್ಟೆ ಹೊರೆದವಳು ನಾನು. ಮೊದಲ ಮಾತಿಗೇ ಅರ್ಧಕ್ಕೆ ಇಳಿಯುವವನಿಗೆ ತನ್ನ ಮಾಲು ಸೀಳಿರುವುದು ಮೊದಲೇ ಗೊತ್ತಿರುತ್ತದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರಶ್ನೆ ಕೇಳಿ, ಉತ್ತರ ಬಂತೆಂದು ಕೈತೊಳೆದುಕೊಂಡಿದ್ದ. ಚೌಕಾಶಿ ಮಾಡಲು ಅದೇನು ಕಾವಲಿಯೇ? ನನ್ನ ಮಗಳ ತಲೆ!

ಫೋನ್ ಇಟ್ಟರೆ ಮಗಳದು ಶುರು. "ಅವ್ವಾ, ಹದಿನೈದು ನಿಮಿಷ. ಹತ್ತ. ಯಾರ ಮೈಮ್ಯಾಲೂ ಬೀಳೂದಿಲ್ಲ." ಎದುರಾಳಿಯ ಮೈಮೇಲೆ ಬೀಳುವುದೇ ಕೆಲಸವಾದವಳು ಹೇಳುವ ಮಾತು!

"ತಂಗಿ, ಹುಡುಗಿ ಎರಡು ವರ್ಷದ ದುಡಿಮಿ ಅದು," ಎಂದು ಸುಭೇದಾರರು ಮಧ್ಯೆ ಬಂದರು. "ತಲಿಗೆ ಒಂದು ಗಟ್ಟಿ ಪಟ್ಟಿ ಕಟ್ಟಿ ಕಳಸವಾ. ನಾವೆಲ್ಲಾ ಆಡಿಲ್ಲೇನು?"

"ಕಾಕಾ, ನಿಮ್ಮ ಬಕೆಟ್ ನೀರು ನಿಮ್ಮ ತಲಿಮ್ಯಾಲೆ ಸುರುವಿಕೊಳ್ರಿ," ಎಂದೆ. "ಗಾಜಿನ ಗೊಂಬಿ ಅಂದ್ರಿ. ಆ ಮಾತು ಕೇಳ್ಕೋತ ಇಕಿ ಮೂಲ್ಯಾಗ ಕುಂತಿದ್ಲು. ಇನ್ನ ಹೆಂಗ ಬಾಯಿ ಬಿಡ್ತಾಳ್ರಿ ಇಕಿ?"

ಹಿರಿಯರಿಗೆ ಹಾಗೆ ಮಾತನಾಡಬಾರದು. ಆಡಿದೆ, ಮತ್ತೂ ಆಡುತ್ತೇನೆ. ಮಾಲೀಕರು ಟಿವಿ ಆರಿಸಿ, "ಅಕ್ಕ, ಮೊದಲು ಡಾಕ್ಟರ ಹತ್ತಿರ ಹೋಗಿ. ನನ್ನ ಕಾರು ಉಂಟು," ಎಂದರು.

ವೈದ್ಯೆ ಕಣ್ಣಿಗೆ ದೀಪ ಹಿಡಿದು, ಒಂಟಿ ಕಾಲಿನ ಮೇಲೆ ನಿಲ್ಲಿಸಿ ನೋಡಿದರು. ಮಗಳು ವಾಲಿದಳು. ಆಟ ಬಂದ್, ಫೋನ್ ಬಂದ್, ಕತ್ತಲ ಕೋಣೆಯಲ್ಲಿ ವಿಶ್ರಾಂತಿ. ಇದು ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂದು ಶುರುಮಾಡಿದ ವಾಕ್ಯವನ್ನು ಅವರು ಮುಗಿಸಲಿಲ್ಲ. ನಾನೂ ಮುಗಿಸಿ ಎನ್ನಲಿಲ್ಲ.

ಭಾನುವಾರ ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ಅವಳ ಜಾಗ ಬೇರೆ ಹುಡುಗಿಗೆ ಹೋಯಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಒಂದೇ ದಿನ ಒಂದೇ ಪಂದ್ಯ ಇಟ್ಟು, ಅವತ್ತು ಬಂದವಳಿಗೆ ಉಂಟು, ಬಾರದವಳಿಗೆ ಇಲ್ಲ ಎನ್ನುವವರ ಮೇಲೆ ಸಿಟ್ಟು. ಹಾಗೆ ಇಟ್ಟರೆ ಮಕ್ಕಳು ಸುಳ್ಳು ಹೇಳದೆ ಏನು ಮಾಡುತ್ತವೆ? ಅಂದಿನಿಂದ ಮಗಳು ನನ್ನ ಜೊತೆ ಮಾತು ಬಿಟ್ಟಳು. ಶಿಫ್ಟ್ ಮುಗಿಸಿ ಬಂದ ಅಪ್ಪನಿಗೆ, "ಅವ್ವಗ ಹೇಳ್ರಿ, ನಂಗ ಹಸಿವಿಲ್ಲ," ಎನ್ನುವುದು. ಅವರು ನನ್ನ ಕಡೆ ತಿರುಗಿ, "ಕೇಳಿಸ್ತಲ್ಲ?" ಎನ್ನುವುದು. ನಾನು ತಾಟು ಇಟ್ಟು ಹೋಗುವುದು. ತಾಟು ಖಾಲಿಯಾಗಿ ಬರುತ್ತಿತ್ತು.

ಮನೆಯಲ್ಲಿ ಆಡುವ ಮಕ್ಕಳಿದ್ದವರಿಗೆ ಒಂದು ಮಾತು ಹೇಳುತ್ತೇನೆ, ಪುಕ್ಕಟೆ. ಎಲ್ಲರೂ ಕೇಳುವ ಪ್ರಶ್ನೆ ಕೇಳಬೇಡಿ. ದಾರಿಯಲ್ಲಿ ಏನು ತಿಂದೆ, ಯಾರು ಬೈದರು, ಯಾವ ಸೀಟಿನಲ್ಲಿ ಕೂತಿದ್ದೆ ಎಂದು ಕೇಳಿ. ಅದನ್ನು ಯಾರೂ ಮೊದಲೇ ಕಲಿಸಿ ಕಳಿಸಿರುವುದಿಲ್ಲ.

ಕೆಲವು ವಾರದ ಮೇಲೆ ಇನ್ನೊಂದು ಟೆಸ್ಟ್ ಬಂತು. ಹೊತ್ತು ಹೋಗದೆ ಮಗಳೂ ಮಾಳಿಗೆಗೆ ಬಂದಳು, ನನ್ನಿಂದ ದೂರದ ಕುರ್ಚಿ ಹಿಡಿದಳು. ಆಟದ ನಡುವೆ ಒಬ್ಬ ತಲೆ ಹಿಡಿದುಕೊಂಡು ಕೂತ, ವೈದ್ಯರು ಓಡಿ ಬಂದರು. ಸುಭೇದಾರರು "ನಮ್ಮ ಕಾಲದಾಗ" ಎಂದವರು ನನ್ನ ಕಡೆ ನೋಡಿ ಚಹ ಎತ್ತಿಕೊಂಡರು. ಕೂಗಿದವಳು ನನ್ನ ಮಗಳು.

"ಏ, ಏನೂ ಆಗಿಲ್ಲ ಅವಂಗ! ಬಿಡ್ರಿ, ಆಡ್ಲಿ!"

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಟಿವಿ ಎತ್ತಿ ಕಿಟಕಿಯಿಂದ ಬಿಸಾಡುವಷ್ಟು ಸಿಟ್ಟು ಬಂತು. ಇಷ್ಟಾದರೂ ಇವಳಿಗೆ ಬುದ್ಧಿ ಬಂದಿಲ್ಲವಲ್ಲ! ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಕೇಳಿದೆ.

"ಅವತ್ತು ಟೆಂಪೊದಾಗ ತಿಂದ ಮೆಕ್ಕಿತೆನಿ ಹೆಂಗಿತ್ತು?"

ಜಗಳಕ್ಕೆಂದೇ ತಿರುಗಿದಳು. ಆದರೆ ಆ ರುಚಿ ಅವಳ ನೆನಪಿನಲ್ಲೇ ಇಲ್ಲ. ಸೀಟಿನ ಮೇಲಿನ ಮಸಿಯನ್ನು ಅವಳು ಎಷ್ಟೋ ಸಲ ನೋಡಿದ್ದಾಳೆ, ಅದರ ಮೇಲೆ ಕೈ ಇಟ್ಟೂ ನೋಡಿದ್ದಾಳೆ. ಅವಳದೇ ಕೈ, ಅಳತೆಗೆ ಸರಿ. ಟಿವಿಯಲ್ಲಿ ಅವನನ್ನು ಒಳಗೆ ಕರೆದೊಯ್ಯುತ್ತಿದ್ದರು. ಮಾಲೀಕರು ರಿಮೋಟ್ ಮುಟ್ಟಲಿಲ್ಲ.

ಅಷ್ಟು ದಿನಗಳಲ್ಲಿ ಮೊದಲ ಸಲ, ಅವಳು ನೇರವಾಗಿ ನನ್ನನ್ನೇ ಕೇಳಿದಳು. "ಖಾರ ಹಚ್ಚಿದ್ರೇನವಾ?"

"ಹಚ್ಚಿದ್ರು," ಎಂದೆ. "ನಿಂಬಿಹಣ್ಣೂ ಹಿಂಡಿದ್ರು."